ಪ್ಲೈವುಡ್ಡಿನ ವಿಧಿ

ಮನುಷ್ಯರ ಹಣೆಬರಹ ಹೇಳುವ ಯಂತ್ರವು ಪ್ಲೈವುಡ್ಡಿನದಾಗಿರಬಾರದು ಎಂದು ಯಾವ ನಿಯಮದಲ್ಲೂ ಹೇಳಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದೆಲ್ಲ ನಿಯಮಾನುಸಾರವೇ ನಡೆದಿದೆ.

ಯಂತ್ರವನ್ನು ಮಾಡಿದವನು ಸಿನಿಮಾ ಸೆಟ್ಟಿನ ಬಡಗಿ. ಚಲನಚಿತ್ರ ಇಲಾಖೆಯ ದುಡ್ಡಿನಲ್ಲಿ ತಯಾರಾಗುತ್ತಿದ್ದ ಪ್ರೇಮಕಥೆ ಅದು. ಕಥೆ ನಡೆಯುವುದು ಇನ್ನು ಇನ್ನೂರು ವರ್ಷದ ಮೇಲೆ. ಆಗ ಯಾರು ಯಾರನ್ನು ಮದುವೆಯಾಗಬೇಕೆಂದು ಯಂತ್ರವೇ ಹೇಳುತ್ತದಂತೆ. ನಾಯಕ ನಾಯಕಿಗೆ ಅದು 'ಇಲ್ಲ' ಅನ್ನುತ್ತದೆ. ಕೊನೆಯ ದೃಶ್ಯದಲ್ಲಿ ನಾಯಕಿ ಸುತ್ತಿಗೆ ಎತ್ತಿ ಯಂತ್ರವನ್ನು ಪುಡಿಪುಡಿ ಮಾಡಿ, "ನನ್ನ ಬಾಳು, ನನ್ನ ಇಷ್ಟ" ಎಂದು ನಾಯಕನ ಕೈ ಹಿಡಿಯುತ್ತಾಳೆ. ಬಡಗಿ ಪ್ಲೈವುಡ್ಡಿಗೆ ಬೆಳ್ಳಿ ಬಣ್ಣ ಬಳಿದು, ಮುಂದೆ ಕುಕ್ಕರ್ ಮುಚ್ಚಳಗಳನ್ನು ಜಡಿದು, ಕೆಂಪು ಹಸಿರು ಬಲ್ಬು ಸಿಕ್ಕಿಸಿ, ಒಳಗೆ ಒಂದು ಸ್ಟೂಲು ಇಟ್ಟಿದ್ದ. ಅದರ ಮೇಲೆ ಅವನೇ ಕೂತು, ಬಾಯಿಗೆ ಪ್ಲಾಸ್ಟಿಕ್ ಬಕೆಟ್ಟು ಹಿಡಿದು 'ಹೌದು', 'ಇಲ್ಲ' ಅನ್ನಬೇಕು. ಹಿಂಬದಿಯ ಬಾಗಿಲಿಗೆ ಹಲಗೆ ಸಾಲದೆ ಹೋದಾಗ ಉಡುಪು ವಿಭಾಗದ ಟೈಲರ್ ಹುಡುಗಿ ಒಂದು ಕಪ್ಪು ಪರದೆ ಹೊಲಿದುಕೊಟ್ಟಳು.

ಆ ಪರದೆಯ ಅಳತೆ ತೆಗೆದ ದಿನದಿಂದ ಬಡಗಿಗೆ ಆಕೆಯ ಮೇಲೆ ಮನಸ್ಸು. ಹೇಳೋಣವೆಂದರೆ ನಾಲಿಗೆ ಹೊರಳುತ್ತಿರಲಿಲ್ಲ. ಮೊಳೆ ಹೊಡೆಯುತ್ತ ಬೀದಿಗೆಲ್ಲ ಕೇಳುವಂತೆ ಹಾಡುತ್ತಿದ್ದ ಆಸಾಮಿ, ಆಕೆಯ ಎದುರು ನಿಂತರೆ "ಸೂಜಿ ಇದೆಯಾ?" ಎಂದು ಕೇಳಿ, ಸೂಜಿ ಇಸ್ಕೊಂಡು ವಾಪಸು ಬರುತ್ತಿದ್ದ. ಅಯ್ಯೋ ಪಾಪ, ಅವನ ಪೆಟ್ಟಿಗೆಯಲ್ಲಿ ಉಳಿಗಿಂತ ಸೂಜಿಗಳೇ ಜಾಸ್ತಿಯಾಗಿದ್ದವು.

ಹೀಗಿರಲಾಗಿ ಇಲಾಖೆಯ ದಾಸ್ತಾನು ಅಧಿಕಾರಿಗಳು ತಪಾಸಣೆಗೆ ದಯಮಾಡಿಸಿದರು. ಇಲಾಖೆಯ ದುಡ್ಡಿನಲ್ಲಿ ಮಾಡಿದ ಯಂತ್ರ ಕೆಲಸ ಮಾಡದಿದ್ದರೆ ಅವತ್ತೇ ಗುಜರಿಗೆ ಹೋಗಬೇಕು, ಅದು ನಿಯಮ. ಕೊನೆಯ ದೃಶ್ಯ ಇನ್ನೂ ಬಾಕಿಯಿತ್ತು.

"ಇದು ಕೆಲಸ ಮಾಡುತ್ತದೆಯೇ?" ಎಂದರು ಅಧಿಕಾರಿಗಳು.

"ಸೊಗಸಾಗಿ ಮಾಡುತ್ತೆ ಸಾರ್," ಎಂದ ಸಿನಿಮಾ ತಂಡದ ಮ್ಯಾನೇಜರು.

ಅಧಿಕಾರಿಗಳು ಯಂತ್ರದ ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡು, "ನನಗೆ ಬಡ್ತಿ ಆಗುತ್ತದೆಯೇ?" ಎಂದು ಕೇಳಿದರು. ಒಳಗಿದ್ದ ಬಡಗಿಗೆ ಇದು ಯಾವ ದೃಶ್ಯವೋ ತಿಳಿಯದೆ "ಹೌದು" ಅಂದುಬಿಟ್ಟ. ಅಧಿಕಾರಿಗಳ ಕಣ್ಣು ತೇವವಾಯಿತು. ಯಂತ್ರ ಸುಸ್ಥಿತಿಯಲ್ಲಿದೆ ಎಂದು ಅಲ್ಲಿಯೇ ಘೋಷಿಸಿದರು. ಸುಸ್ಥಿತಿಯಲ್ಲಿರುವ ಸರ್ಕಾರಿ ಯಂತ್ರವನ್ನು ಒಡೆಯುವುದು ಅಪರಾಧ, ಸುಮ್ಮನೆ ಇಟ್ಟುಕೊಳ್ಳುವುದು ಇನ್ನೂ ದೊಡ್ಡ ಅಪರಾಧ. ಶೂಟಿಂಗ್ ನಿಂತಿತು. ಪ್ರತಿ ಶಾಟಿಗೂ 'ಇನ್ನೊಂದ್ಸಲ' ಎಂದು ಕೂಗಿ ಕೂಗಿ ಅದೇ ಹೆಸರಾಗಿಹೋಗಿದ್ದ ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕೂತರು. ಮರುದಿನ ಗೇಟಿಗೆ ಪ್ರಕಟಣೆ ಬಿತ್ತು:

"ಸಾರ್ವಜನಿಕರ ಗಮನಕ್ಕೆ. ವಿಧಿ ಯಂತ್ರವು ಎಲ್ಲ ಕೆಲಸದ ದಿನಗಳಲ್ಲಿ ಲಭ್ಯವಿರುತ್ತದೆ. ಊಟದ ವಿರಾಮದಲ್ಲಿ ಯಾರಿಗೂ ಹಣೆಬರಹ ಇರುವುದಿಲ್ಲ. ಯಂತ್ರ ಹೇಳಿದ್ದನ್ನು ಒಪ್ಪಿಕೊಳ್ಳಲು ಸಾರ್ವಜನಿಕರು ಸಂಪೂರ್ಣ ಸ್ವತಂತ್ರರು. ಒಪ್ಪದೆ ಇರಲು ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು."

ಬಡಗಿ ಅಧಿಕಾರಿಗಳ ಮುಂದೆ ಕೈಮುಗಿದ. "ಸಾರ್, ಒಳಗೆ ಮಾತಾಡೋದು ನಾನು ಸಾರ್. ಮರ ಕುಯ್ಯೋನು ನಾನು. ನನಗೆ ಯಾರ ಹಣೆಬರಹ ಗೊತ್ತು?"

"ಯಂತ್ರದ ಒಳಗೆ ಯಾರಿದ್ದಾರೆ ಅನ್ನೋದು ನನ್ನ ವ್ಯಾಪ್ತಿಗೆ ಬರಲ್ಲಪ್ಪ," ಎಂದರು ಅಧಿಕಾರಿಗಳು. "ನನ್ನದೇನಿದ್ದರೂ ಹೊರಭಾಗ. ಒಂದು ಮಾತು ನೆನಪಿಟ್ಟುಕೋ, ಯಂತ್ರ ಯಾರಿಗೂ 'ಇಲ್ಲ' ಅನ್ನಕೂಡದು. ಅಂದರೆ ಜನ ಮೇಲ್ಮನವಿ ಹಾಕುತ್ತಾರೆ. ಮೇಲ್ಮನವಿ ಕೇಳೋಕೆ ಇದಕ್ಕಿಂತ ದೊಡ್ಡ ಯಂತ್ರ ಬೇಕು. ಅಷ್ಟು ಪ್ಲೈವುಡ್ ನಮ್ಮಲ್ಲಿಲ್ಲ."

ಅಲ್ಲಿಂದ ಮುಂದೆ ಯಂತ್ರ ಎಲ್ಲರಿಗೂ ಹೌದೌದು ಅಂದಿತು. ಮುಖ ಕಂಡರೆ ಉರಿದುಬೀಳುತ್ತಿದ್ದ ದಂತವೈದ್ಯರೂ ಅವರ ಎದುರುಮನೆಯಾಕೆಯೂ ಮದುವೆಯಾದರು. ಮುದುಕರೊಬ್ಬರು ಐವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನೇ ಕರೆತಂದು ಕೇಳಿದರು. 'ಹೌದು' ಅನ್ನಿಸಿಕೊಂಡು, ಇನ್ನೇನು ಮಾಡೋದು ಎಂಬ ಮುಖ ಮಾಡಿಕೊಂಡು ಜೊತೆಯಲ್ಲೇ ವಾಪಸು ಹೋದರು.

ಒಂದು ದಿನ ಬಡಗಿ ಕುಕ್ಕರ್ ಮುಚ್ಚಳದ ತೂತಿನಿಂದ ಇಣುಕಿದರೆ ಎದುರಿಗೆ ಟೈಲರ್ ಹುಡುಗಿ! ಜೊತೆಗೆ ಆಕೆಯ ತಾಯಿ. ಪಕ್ಕದಲ್ಲಿ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ಯಂತ್ರದಪ್ಪಾ, ನನ್ನ ಮಗಳಿಗೆ ಈ ಹುಡುಗನೇ ತಾನೆ?" ಎಂದರು ತಾಯಿ.

"ಬೇಗ ಹೇಳಿಸಿ. ನಾನು ಅರ್ಧ ದಿನ ರಜೆ ಮಾತ್ರ ಹಾಕಿರೋದು," ಎಂದ ಇನ್ಸ್‌ಪೆಕ್ಟರು.

ಬಡಗಿ ಸ್ಟೂಲಿನ ತುದಿಗೆ ಜರುಗಿದ. ಹೌದು ಅಂದರೆ ಹುಡುಗಿ ಕೈಬಿಟ್ಟು ಹೋಗುತ್ತಾಳೆ, ಇಲ್ಲ ಅಂದರೆ ಹೊಟ್ಟೆಪಾಡು ಹೋಗುತ್ತದೆ. ಮೊಣಕೈ ಸ್ವಿಚ್ಚಿಗೆ ತಗುಲಿ ಬಲ್ಬುಗಳೆಲ್ಲ ಒಟ್ಟಿಗೇ ಹತ್ತಿಕೊಂಡವು. ಬಕೆಟ್ಟು ಒಡೆಯುವ ಹಾಗೆ ಕೂಗಿಬಿಟ್ಟ: "ಇಲ್ಲ!"

ಅಧಿಕಾರಿಗಳು ಚಹಾ ಬಿಟ್ಟು ಓಡಿಬಂದರು. "'ಇಲ್ಲ' ಅಂದಿತೇ? ಹಾಗಾದರೆ ಯಂತ್ರ ಕೆಟ್ಟಿದೆ. ಮಾಡಿದವನನ್ನು ಕರೆಯಿರಿ. ರಿಪೇರಿ ಆಗದಿದ್ದರೆ ಸಂಜೆಗೆ ಗುಜರಿಗೆ."

ಬಡಗಿ ಪರದೆಯಡಿ ನುಸುಳಿ, ಸುತ್ತು ಹಾಕಿ, ಯಂತ್ರದ ಮುಂದೆ ಬಂದು ನಿಂತ. ಬಾಯಿಯ ಸುತ್ತ ಬಕೆಟ್ಟಿನ ಅಂಚು ಒತ್ತಿದ ಗುಂಡನೆಯ ಗುರುತಿತ್ತು. ಟೈಲರ್ ಹುಡುಗಿ ಆ ಗುರುತನ್ನು ನೋಡಿದಳು, ಅವನ ಮುಖ ನೋಡಿದಳು. "ಅಮ್ಮಾ, ನೀರು ಕುಡಿದು ಬಂದೆ," ಎಂದು ಅಲ್ಲಿಂದ ಹೊರಟಳು.

ಬಡಗಿ ಸುತ್ತಿಗೆಯಿಂದ ಪ್ಲೈವುಡ್ಡಿಗೆ ಎರಡೇಟು ಕೊಟ್ಟ. ಒಳಗೆ ಯಾರೂ ಇಲ್ಲವಲ್ಲ, ಇನ್ನು ಯಾರು ಉತ್ತರ ಕೊಡಬೇಕು ಎಂದು ಗಾಬರಿಯಲ್ಲಿ ಇನ್ನೂ ಎರಡೇಟು ಕೊಟ್ಟ. ತಾಯಿ ಮತ್ತೆ ಅದೇ ಪ್ರಶ್ನೆ ಕೇಳಿದರು.

"ಇಲ್ಲ," ಎಂದಿತು ಯಂತ್ರ, ಹೆಣ್ಣುದನಿಯಲ್ಲಿ.

ಅಧಿಕಾರಿಗಳು ಹುಬ್ಬೇರಿಸಿದರು. "ಮತ್ತೆ 'ಇಲ್ಲ' ಅಂತಲ್ಲ? ದನಿಯೂ ಬದಲಾಗಿದೆಯಲ್ಲಯ್ಯಾ?"

"ಎಣ್ಣೆ ಬಿಟ್ಟೆ ಸಾರ್, ಕೊಂಚ ತಡೀರಿ, 'ಹೌದು' ಬರುತ್ತೆ," ಎಂದ ಬಡಗಿ. ಅಧಿಕಾರಿಗಳು ತಲೆದೂಗಿದರು.

"ಈ ಹುಡುಗ ಅಲ್ಲದಿದ್ದರೆ ಇನ್ಯಾರು?" ಎಂದರು ತಾಯಿ.

"ಸುತ್ತಿಗೆ ಹಿಡ್ಕೊಂಡು ಕಂಬದ ಹಾಗೆ ನಿಂತಿದ್ದಾರಲ್ಲ, ಅವರು. ಏನೋ ಹೇಳ್ಬೇಕು ಅಂತ ದಿನಾ ಬರ್ತಾರೆ, ಹೇಳದೇ ಹೋಗ್ತಾರೆ. ಬಾಯಿ ಬಿಟ್ಟು ಕೇಳಿದರೆ ಸರಿ, ಇಲ್ಲದಿದ್ದರೆ ನನ್ನ ದಾರಿ ನನಗೆ."

"ಅಯ್ಯಯ್ಯೋ, ಥೇಟು ನನ್ನ ಮಗಳ ಹಾಗೇ ಎದುರು ಮಾತಾಡುತ್ತಲ್ಲ ಇದು!" ಎಂದು ತಾಯಿ ಕೆನ್ನೆಗೆ ಕೈಯಿಟ್ಟರು.

ಬಡಗಿ ಸುತ್ತಿಗೆ ಕೆಳಗಿಟ್ಟ. ಕುಕ್ಕರ್ ಮುಚ್ಚಳದತ್ತ ಬಾಗಿ, ಜೀವನದಲ್ಲಿ ಮೊದಲ ಸಲ ಸೂಜಿ ಕೇಳದೆ, "ನನ್ನನ್ನ ಮದುವೆ ಆಗ್ತೀರಾ?" ಎಂದ.

"ಹೌದು," ಎಂದಿತು ಯಂತ್ರ.

ಅಧಿಕಾರಿಗಳು ಗಂಭೀರರಾದರು. ನೌಕರನೊಬ್ಬ ಸರ್ಕಾರಿ ಯಂತ್ರವನ್ನು ಮದುವೆಯಾಗುವ ಪ್ರಸಂಗ ಇಲಾಖೆಯಲ್ಲಿ ಹಿಂದೆ ಬಂದಿರಲಿಲ್ಲ. ಆಗಬಾರದೆಂದು ನಿಯಮವೂ ಇರಲಿಲ್ಲ. ಯಂತ್ರ ಹೇಳಿದ್ದನ್ನು ಒಪ್ಪಲೇಬೇಕೆಂಬುದು ಮಾತ್ರ ಸ್ಪಷ್ಟವಾಗಿತ್ತು. ಆದ್ದರಿಂದ ಮದುವೆಗೆ ಮಂಜೂರಾತಿ ಸಿಕ್ಕಿತು, ವಧುವನ್ನು ವರ್ಷಕ್ಕೊಮ್ಮೆ ದಾಸ್ತಾನು ತಪಾಸಣೆಗೆ ಹಾಜರುಪಡಿಸಬೇಕೆಂಬ ಷರತ್ತಿನ ಮೇಲೆ. ಅಷ್ಟರಲ್ಲಿ ಪರದೆ ಸರಿಸಿ ಒಳಗೆ ಮಗಳನ್ನು ಕಂಡಿದ್ದ ತಾಯಿಗೆ, ಯಂತ್ರವೆಂದರೆ ಕಾಯಂ ಆಸ್ತಿ, ಅಂದಮೇಲೆ ಮಗಳ ಕೆಲಸವೂ ಕಾಯಂ ಎಂದು ಪರಮಾನಂದ. ತನ್ನ ಅರ್ಧ ದಿನದ ರಜೆ ಏನಾಯಿತೆಂದು ಇನ್ಸ್‌ಪೆಕ್ಟರು ಕೇಳಿದಾಗ, ಅದೂ ಹಣೆಬರಹವೇ ಎಂದು ತಿಳಿಸಲಾಯಿತು.

ಮದುವೆಯ ದಿನ ಯಂತ್ರವನ್ನು ನಾಲ್ಕು ಜನ ಹೊತ್ತು ತಂದರು. ಪರದೆಯ ಸಂದಿಯಿಂದ ಒಂದು ಕೈ ಹೊರಗೆ ಬಂತು, ಬಡಗಿ ಅದನ್ನು ಹಿಡಿದ. ನಿರ್ದೇಶಕರು ಅದನ್ನೇ ಕೊನೆಯ ದೃಶ್ಯವಾಗಿ ಚಿತ್ರೀಕರಿಸಿ ಎರಡು ಸಲ "ಇನ್ನೊಂದ್ಸಲ!" ಎಂದರು. ಹೀಗಾಗಿ ಬಡಗಿ ಮೂರು ಸಲ ಮದುವೆಯಾದ. ವಿಧಿ ಹೇಳಿದ್ದನ್ನು ಸ್ವಂತ ಇಷ್ಟದಿಂದ ಒಪ್ಪಿಕೊಳ್ಳುವ ಉತ್ತಮ ಕಥೆಯೆಂದು ಸಿನಿಮಾಗೆ ಇಲಾಖೆಯ ಪ್ರಶಸ್ತಿಯೂ ಬಂತು.

ಎಲ್ಲ ಸರಿಹೋದರೂ ಬಡಗಿಗೆ ಒಂದು ಅನುಮಾನ ಕೊರೆಯುತ್ತಿತ್ತು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೆಂಡತಿಯನ್ನು ಕೇಳಿಯೇಬಿಟ್ಟ. "ಅವತ್ತು ನೀನು ಇಷ್ಟಪಟ್ಟು ಹೌದು ಅಂದ್ಯೋ, ಇಲ್ಲಾ ಯಂತ್ರ ಯಾರಿಗೂ 'ಇಲ್ಲ' ಅನ್ನಬಾರದು ಅಂತ ನಿಯಮ ಇತ್ತಲ್ಲ, ಅದಕ್ಕೆ ಅಂದ್ಯೋ?"

ಆಕೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಅವನ ಮುಖ ನೋಡಿದಳು. "ನಿಯಮ ಗೊತ್ತಿದ್ದೇ ಅಲ್ವೇನ್ರೀ, ಒಳಗೆ ಹೋಗಿ ಕೂತಿದ್ದು?"

ಬಡಗಿ ಬಾಗಿಲಿಗೆ ಬೀಗ ಹಾಕಿದ. ಗೇಟಿನ ಹೊರಗೆ ಜನರ ಸಾಲು ಆಗಲೇ ಬೆಳೆದಿರುತ್ತದೆಂದು ಇಬ್ಬರೂ ಸರಸರ ನಡೆದರು.