ಹಸಿರು ಗೆರೆ ಮುಟ್ಟದ ಮುಳ್ಳು

ಎಣ್ಣೆಯ ಬಿಸಿ ತೋರಿಸುವ ಮುಳ್ಳು ಸೋತ ಪೈಲ್ವಾನನ ಮೀಸೆಯಂತೆ ಕೆಳಗೆ ಜೋತುಬಿದ್ದಿತ್ತು. ಅದು ಎದ್ದು ಹಸಿರು ಗೆರೆ ಮುಟ್ಟುವ ತನಕ ಆ ಪುಟ್ಟ ವಿಮಾನ ನೆಲ ಬಿಡುವಂತಿಲ್ಲ. ಕನ್ನಡಕ ಎಂಬ ಅಡ್ಡಹೆಸರಿನವನು ಮುಳ್ಳಿನ ಮೇಲಿನ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದ. ಆಮೇಲೆ ಸೀಟಿನಿಂದ ಜಾರಿ, ಬಗ್ಗಿ, ಕೆಳಗಿನಿಂದ ನೋಡಿದ. ಕೆಳಗಿನಿಂದ ನೋಡಿದರೆ ಮುಳ್ಳು ಸ್ವಲ್ಪ ಮೇಲಿದ್ದಂತೆ ಕಾಣುತ್ತಿತ್ತು. ಆದರೆ ಇವತ್ತು ಅವನ ಹಾರಾಟ ಪರೀಕ್ಷಿಸಲು ಬರಲಿದ್ದ ಪರೀಕ್ಷಕಿ ಕೆಳಗಿನಿಂದ ನೋಡುವವರಲ್ಲ.

ಕನ್ನಡಕದ ಅಂಗಡಿ ಇಟ್ಟಿದ್ದರಿಂದ ಹಾರಾಟದ ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು. ಕ್ಲಬ್ಬಿಗೆ ಇದ್ದದ್ದು ಒಂದೇ ವಿಮಾನ. ಚಳಿಗಾಲದಲ್ಲಿ ಅದರ ಎಣ್ಣೆ ಹಳೇ ಜೇನಿನ ಹಾಗೆ ಗಟ್ಟಿಯಾಗುತ್ತಿತ್ತು. ಬಿಸಿಗಾಳಿ ಊದಿ ಅದನ್ನು ಕರಗಿಸದೆ ಎಂಜಿನ್ ತಿರುಗಿಸಿದರೆ ಒಳಗೆಲ್ಲ ತಿಕ್ಕಿ ಹಾಳು. ಬೆಳಿಗ್ಗೆ ಮೊದಲು ಹಾರುವವನೇ ಬಿಸಿ ಮಾಡಬೇಕು ಎಂಬುದು ಕ್ಲಬ್ಬಿನ ಕಟ್ಟಳೆ. ಹಾಗಾಗಿ ಚಳಿ ಶುರುವಾಯಿತೆಂದರೆ ಅಲ್ಲಿ ಸೌಜನ್ಯ ಉಕ್ಕಿ ಹರಿಯುತ್ತಿತ್ತು. "ನೀವು ಮೊದಲು ಹೋಗಿ", "ಛೆ ಛೆ, ಹಿರಿಯರು ನೀವಿರುವಾಗ ನಾನೆಲ್ಲಿ" ಎನ್ನುತ್ತ ಎಲ್ಲರೂ ಕ್ಲಬ್ಬಿನ ಕೋಣೆಯಲ್ಲಿ ಚಹಾ ಹೀರುತ್ತ ಕೂತುಬಿಡುತ್ತಿದ್ದರು. ಯಾವನೋ ಬಡಪಾಯಿ ಬಿಸಿ ಮಾಡಿ ಹಾರಿ ಇಳಿದನೋ, ಸೌಜನ್ಯ ಅಲ್ಲಿಗೆ ಮುಗಿಯಿತು. ಬಿಸಿ ವಿಮಾನಕ್ಕೆ ನೂಕುನುಗ್ಗಲು.

ಇವತ್ತಿನ ಬಡಪಾಯಿ ಕನ್ನಡಕ. ಅವನಿಗೆ ಲೈಸೆನ್ಸಿನ ಪರೀಕ್ಷೆಯಿತ್ತು, ಮೂರನೆಯ ಸಲ. ಮೊದಲ ಸಲ ವಿಮಾನವನ್ನು ಕಪ್ಪೆಯಂತೆ ಕುಪ್ಪಳಿಸುತ್ತ ಇಳಿಸಿದ್ದ. ಎರಡನೆಯ ಸಲ ಪಕ್ಕದ ಸೀಟಿನಲ್ಲಿದ್ದ ಪರೀಕ್ಷಕಿ "ಎಡಕ್ಕೆ ತಿರುಗಿಸಿ" ಅಂದಾಗ "ನಿಮ್ಮ ಎಡಾನಾ, ನನ್ನ ಎಡಾನಾ ಮೇಡಂ?" ಎಂದು ಕೇಳಿದ್ದ. ಅದಾದ ಮೇಲೆ ಹೆಂಡತಿ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು: "ಹಾರ್ತೀನಿ ಹಾರ್ತೀನಿ ಅಂತ ವರ್ಷಗಟ್ಟಲೆ ಆಯ್ತು. ಕೋಳಿಯಾಗಿದ್ರೆ ಇಷ್ಟೊತ್ತಿಗೆ ಗೋಡೆನಾದ್ರೂ ಹತ್ತಿರೋದು. ಇದೇ ಕೊನೆ. ಪಾಸಾಗಲಿಲ್ವೋ, ಭಾನುವಾರಾನೂ ಅಂಗಡಿ ಬಾಗಿಲು ತೆಗೀರಿ."

ಭಾನುವಾರದ ಅಂಗಡಿಯನ್ನು ನೆನೆದರೆ ಅವನಿಗೆ ಚಳಿಯಲ್ಲೂ ಬೆವರು. ಶೆಡ್ಡಿನಲ್ಲಿ ಬಿಸಿಗಾಳಿ ಯಂತ್ರದ ದಪ್ಪ ಪೈಪನ್ನು ವಿಮಾನದ ಮೂತಿಗೆ ತುರುಕಿ, ಮೇಲೊಂದು ದಪ್ಪ ರಜಾಯಿ ಹೊದಿಸಿದ್ದ. ಎರಡು ಹೆಜ್ಜೆ ಆಚೆ ಹೋಗುವನು, ತಿರುಗಿ ಬರುವನು, ರಜಾಯಿಯ ಒಳಗೆ ಕೈ ಹಾಕಿ ನೋಡುವನು. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಓಡಬೇಕೆನಿಸುತ್ತಿತ್ತು.

ಫೋನ್ ರಿಂಗಾಯಿತು. ಹೆಂಡತಿ.

"ರೀ, ಆ ವಿಮಾನದ ಮೇಲಿರೋದು ನನ್ನ ರಜಾಯಿನಾ?"

"ನಿಂಗೆ... ನಿಂಗೆ ಹೇಗೆ ಗೊತ್ತಾಯ್ತು?"

"ತಮ್ಮ ಹೇಳಿದ."

ಕನ್ನಡಕ ತಲೆಯೆತ್ತಿ ನೋಡಿದ. ಮೈದಾನದ ಆಚೆ ತಂತಿ ಬೇಲಿಗೆ ಒರಗಿ ಭಾವಮೈದ ನಿಂತಿದ್ದ. ಕಣ್ಣಿಗೆ ದುರ್ಬೀನು, ಕೈಯಲ್ಲಿ ಫೋನು. ಕೈ ಬೀಸಿ ಕೂಗಿದ: "ಭಾವಾ! ಅಕ್ಕ ಕಳಿಸಿದ್ಲು! ನೋಡಿ ಹೇಳು ಅಂತ!"

"ಮಹಡಿ ಮೇಲೆ ಎಲ್ಲಾರೂ ಕೂತಿದೀವಿ, ಅಮ್ಮಾನೂ ಬಂದಿದಾರೆ" ಅಂದಳು ಹೆಂಡತಿ. "ಪಕ್ಕದ ಮನೆಯವರನ್ನೂ ಕರೆದಿದೀನಿ. ಮರ್ಯಾದೆ ಉಳಿಸಿ. ರಜಾಯಿಗೆ ಎಣ್ಣೆ ತಾಗ್ಲಿ, ಆಮೇಲೆ ಇದೆ ನಿಮಗೆ."

ಅಷ್ಟರಲ್ಲಿ ಬಿಸಿಗಾಳಿ ಯಂತ್ರ ಒಮ್ಮೆ ನರಳಿ ಸುಮ್ಮನಾಯಿತು. ಶೆಡ್ಡಿನ ದೀಪವೂ ಆರಿತು. ಕನ್ನಡಕ ಕೋಣೆಯತ್ತ ಓಡಿದ. ಅಲ್ಲಿ ಹಲ್ಲಿನ ಡಾಕ್ಟರು ಮತ್ತು ತಾತ, ಅಂದರೆ ಒಂದು ಕಾಲದಲ್ಲಿ ಅಂಚೆ ವಿಮಾನ ಓಡಿಸಿ ಈಗ ನಿವೃತ್ತರಾದ ಹಿರಿಯರು, ಕತ್ತಲಲ್ಲಿ ಕೂತು ಒಬ್ಬರನ್ನೊಬ್ಬರು ದೂರುತ್ತಿದ್ದರು.

"ನಾನು ಚಹಾ ಕೆಟಲ್ ಹಾಕಿದ್ದೆ ಅಷ್ಟೇ" ಅಂದರು ಡಾಕ್ಟರು. "ತಾತ ಕಾಲು ಕಾಯಿಸೋಕೆ ಹೀಟರ್ ಹಾಕಿದ್ರು. ಫ್ಯೂಸ್ ಹೋಯ್ತು."

"ನನ್ನ ಕಾಲಿನ ಮೇಲೇ ಹಾಕು!" ಅಂದರು ತಾತ.

ಕನ್ನಡಕ ಫ್ಯೂಸ್ ಕಟ್ಟಿ ಮುಗಿಸುವ ಹೊತ್ತಿಗೆ ಎಂಜಿನ್ ಮತ್ತೆ ಮಂಜುಗಡ್ಡೆಯಂತೆ ತಣ್ಣಗಾಗಿತ್ತು. ಮೊದಲಿನಿಂದ ಬಿಸಿ ಮಾಡಬೇಕಾಯಿತು. ಅವನು ಎಂಜಿನ್ ಚಾಲೂ ಮಾಡಿ ವಿಮಾನವನ್ನು ಶೆಡ್ಡಿನಿಂದ ಹೊರತಂದಾಗ ಆಕಾಶದಲ್ಲಿ ಸದ್ದಾಯಿತು. ಪರೀಕ್ಷಕಿ ತಮ್ಮದೇ ಬಿಳಿ ವಿಮಾನದಲ್ಲಿ ಬಂದು ಹೂವಿನಂತೆ ಇಳಿದರು. ವಿಮಾನವನ್ನು ಬಯಲಲ್ಲೇ ನಿಲ್ಲಿಸಿ, ಕೈಚೀಲ ಹಿಡಿದು ಬಂದು ಕನ್ನಡಕನ ಮುಳ್ಳನ್ನು ಇಣುಕಿ ನೋಡಿದರು.

"ಹಸಿರಿಗೆ ಬರಲಿ. ಅವಸರ ಏನಿಲ್ಲ" ಎಂದು ಕೋಣೆಗೆ ಹೋಗಿ ಸ್ವೆಟರ್ ಹೆಣೆಯುತ್ತ ಕೂತರು.

ಅವಸರವಿಲ್ಲ ಎಂದ ಮೇಲೆ ಕನ್ನಡಕನ ಅವಸರ ಇನ್ನೂ ಹೆಚ್ಚಾಯಿತು. ಎಂಜಿನ್ ಗುರುಗುಟ್ಟುತ್ತಿತ್ತು, ಮುಳ್ಳು ಮಾತ್ರ ಮಾವನ ಮನೆಗೆ ಬಂದ ಅಳಿಯನಂತೆ ಅಲ್ಲಾಡದೆ ಕೂತಿತ್ತು. ಕೊನೆಗೆ ಅವನು ಎಂಜಿನ್ ನಿಲ್ಲಿಸಿ ಡಾಕ್ಟರನ್ನು ಕೂಗಿದ.

"ಅಯ್ಯೋ, ಇಷ್ಟೇನಾ?" ಡಾಕ್ಟರು ಮೂತಿಯ ಕೆಳಗಿನ ಜಾಲರಿ ತೋರಿಸಿದರು. "ಇಲ್ಲಿ ಗಾಳಿ ನುಗ್ಗಿ ಎಣ್ಣೆ ತಣಿಸುತ್ತೆ. ಬೇಸಿಗೆಗೆ ಸರಿ. ಚಳೀಲಿ ಇದರ ಬಾಯಿ ಮುಚ್ಚಬೇಕು. ಬಾಯಿ ವಿಷಯ ನನಗೆ ಬಿಡಿ." ಅರ್ಧ ಜಾಲರಿಗೆ ಟೇಪು ಅಂಟಿಸಿ ಹೋದರು.

ಅವರು ಅತ್ತ ಹೋದದ್ದೇ ತಾತ ಇತ್ತ ಬಂದರು. "ಆ ಹಲ್ಲು ಕೀಳೋನಿಗೆ ಅರ್ಧ ಕೆಲಸ ಮಾಡೋ ಚಟ ಕಣಯ್ಯ. ಅದಕ್ಕೇ ಅವನ ಹತ್ರ ಹೋದೋರೆಲ್ಲ ಮತ್ತೆ ಮತ್ತೆ ಹೋಗ್ತಾರೆ." ಉಳಿದರ್ಧಕ್ಕೆ ರಟ್ಟು ತುರುಕಿದರು.

ಎಂಜಿನ್ ಚಾಲೂ ಆಯಿತು. ಮುಳ್ಳು ಮಿಸುಕಿತು. ಎದ್ದಿತು. ಹಸಿರು ಗೆರೆಗೆ ಬಂತು. ಕನ್ನಡಕನಿಗೆ ಕುಣಿಯುವಷ್ಟು ಖುಷಿ. "ಮೇಡಂ!" ಎಂದು ಕೂಗಲು ಬಾಯಿ ತೆರೆದ, ಅಷ್ಟರಲ್ಲಿ ಮುಳ್ಳು ಹಸಿರನ್ನು ದಾಟಿತ್ತು. ನಿಲ್ಲಲಿಲ್ಲ. ಊಟದ ಗಂಟೆ ಹೊಡೆದಾಗಿನ ಹಾಸ್ಟೆಲ್ ಹುಡುಗರಂತೆ ಕೆಂಪಿನ ಕಡೆಗೆ ದೌಡಾಯಿಸಿತು.

ಎಂಜಿನ್ ನಿಲ್ಲಿಸಿ ಹಾರಿಳಿದು ರಟ್ಟು ಕಿತ್ತ. ಗಡಿಬಿಡಿಯಲ್ಲಿ ಟೇಪೂ ಕಿತ್ತುಬಂತು. ಮತ್ತೆ ಚಾಲೂ ಮಾಡಿದರೆ ಚಳಿಗಾಳಿ ಜಾಲರಿಗೆ ನುಗ್ಗಿ ಮುಳ್ಳು ಜಾರತೊಡಗಿತು. ಮತ್ತೆ ನಿಲ್ಲಿಸಿದ, ಮತ್ತೆ ಟೇಪು ಹಚ್ಚಿದ. ಹತ್ತಿದ, ಇಳಿದ, ಹತ್ತಿದ. ಬೇಲಿಯ ಕಡೆಯಿಂದ ಭಾವಮೈದನ ವರದಿ ಗಾಳಿಯಲ್ಲಿ ತೇಲಿಬರುತ್ತಿತ್ತು: "ಈಗ ಹತ್ತಿದ್ರು ಅಕ್ಕಾ... ಇಳಿದ್ರು... ಗೊತ್ತಿಲ್ಲಕ್ಕಾ, ವಿಮಾನಕ್ಕೆ ಬ್ಯಾಂಡೇಜ್ ಹಾಕ್ತಾ ಇದಾರೆ... ಇಲ್ಲ, ಪೆಟ್ಟು ಆಗಿದ್ದು ವಿಮಾನಕ್ಕೇ ಅನ್ಸುತ್ತೆ..."

ಬೆಳಗ್ಗೆಯೆಲ್ಲ ಹೀಗೇ ಕಳೆದು, ಕೈ ಮರಗಟ್ಟಿ, ಮೂಗು ಸೋರಿ, ಕನ್ನಡಕ ಇನ್ನೇನು ಅಳಬೇಕು ಅನ್ನುವಾಗ ಮುಳ್ಳು ಹಸಿರಿನ ನಟ್ಟನಡುವೆ ಬಂದು ನಿಂತಿತು. ಅವನು ಉಸಿರು ಬಿಗಿಹಿಡಿದು ಕಾದ. ಅದು ಅಲ್ಲಾಡಲಿಲ್ಲ.

ಕೋಣೆಯಿಂದ ಪರೀಕ್ಷಕಿ ಬಂದರು. ಬಿಳಿ ವಿಮಾನದ ಮೂತಿ ಮುಟ್ಟಿ ನೋಡಿ, ಕೈ ಕೊಡವಿಕೊಂಡು, ಇತ್ತ ಬಂದು ಕನ್ನಡಕನ ಪಕ್ಕ ಕೂತರು. ಮುಳ್ಳು ನೋಡಿ ತಲೆದೂಗಿದರು.

"ಕೆಲವು ಪ್ರಶ್ನೆ ಕೇಳ್ತೀನಿ."

ಪರೀಕ್ಷೆ ಶುರುವಾಯಿತು ಎಂದು ಕನ್ನಡಕ ನೆಟ್ಟಗೆ ಕೂತ. "ಕೇಳಿ ಮೇಡಂ!"

"ಎಣ್ಣೆ ಹಸಿರಿಗೆ ಬರದೆ ಹಾರಬಹುದಾ?"

"ಖಂಡಿತ ಕೂಡದು ಮೇಡಂ! ಎಷ್ಟೇ ಅವಸರ ಇರಲಿ, ಯಾರೇ ಆಗಿರಲಿ!"

"ಇಂಥ ಗಾಳೀಲಿ ಇಡೀ ಬೆಳಗ್ಗೆ ಬಯಲಲ್ಲಿ ನಿಂತ ವಿಮಾನ?"

"ಅದರ ಎಣ್ಣೆ ಸತ್ತಂಗೆ ಮೇಡಂ. ಬಿಸಿ ಮಾಡದೆ ಚಾಲೂ ಮಾಡಿದ್ರೆ ಎಂಜಿನ್ ಕಥೆ ಮುಗೀತು."

"ಬಿಸಿ ಮಾಡೋಕೆ ಎಷ್ಟು ಹೊತ್ತು ಬೇಕು?"

ಈ ಒಂದು ಪ್ರಶ್ನೆಗೆ ಲೋಕದಲ್ಲಿ ತನ್ನಷ್ಟು ಚೆನ್ನಾಗಿ ಉತ್ತರಿಸಬಲ್ಲವರು ಯಾರೂ ಇಲ್ಲ ಎಂದು ಕನ್ನಡಕನಿಗೆ ಅನ್ನಿಸಿತು. ಎದೆಯುಬ್ಬಿಸಿ ಹೇಳಿದ: "ಸಂಜೆವರೆಗೂ ಬೇಕು ಮೇಡಂ! ಫ್ಯೂಸ್ ಹೋದ್ರೆ ಸಂಜೆಗೂ ಆಗಲ್ಲ!"

"ಎಲ್ಲಾ ಸರಿಯಾಗಿ ಹೇಳಿದ್ರಿ" ಅಂದರು ಪರೀಕ್ಷಕಿ. "ಇಳೀರಿ."

"ಆಂ?"

"ಮಧ್ಯಾಹ್ನ ಇನ್ನೊಂದು ಕ್ಲಬ್ಬಲ್ಲಿ ಪರೀಕ್ಷೆ ಇದೆ ನನಗೆ. ನಿಮಗೆ ಕಾಯ್ತಾ ಕಾಯ್ತಾ ನನ್ನ ವಿಮಾನ ಕಲ್ಲಾಗಿದೆ. ಅದು ಸಂಜೆವರೆಗೂ ಏಳಲ್ಲ ಅಂತ ನೀವೇ ಹೇಳಿದ್ರಿ. ಇದು ಬಿಸಿಯಾಗಿದೆ. ಇದರಲ್ಲೇ ಹೋಗ್ತೀನಿ."

"ಮೇಡಂ, ನನ್ನ ಪರೀಕ್ಷೆ?"

"ಚಳಿ ಕಳೀಲಿ, ನೋಡೋಣ. ಬಿಡುವಾದಾಗ ನನ್ನದನ್ನೂ ಹೀಗೇ ಬಿಸಿ ಮಾಡಿಡಿ. ಕೈ ಪಳಗಿದೆ ನಿಮ್ಮದು."

ಕನ್ನಡಕ ಇಳಿದ. ಬಾಗಿಲು ಮುಚ್ಚಿತು. ವಿಮಾನ ಓಡಿ, ಬೆಣ್ಣೆಯಿಂದ ಕೂದಲೆಳೆದಂತೆ ನೆಲ ಬಿಟ್ಟಿತು.

ಬಿಸಿಯಾದ ಎಂಜಿನ್ನಿನ ಸದ್ದು ಕೇಳಿ, ಸರದಿ ತಪ್ಪಬಾರದೆಂದು ಹೆಲ್ಮೆಟ್ಟು ಕೈಚೀಲಗಳ ಸಮೇತ ಓಡಿಬಂದ ಡಾಕ್ಟರೂ ತಾತನೂ ಬರಿದಾದ ಜಾಗ ನೋಡಿ ಅವನ ಮೇಲೆ ರೇಗಿದರು. "ಕೇಳಿದೋರಿಗೆಲ್ಲ ವಿಮಾನ ಕೊಟ್ಟು ಕಳಿಸ್ತೀರೇನ್ರೀ?" ಕನ್ನಡಕನಿಗೆ ಅದೊಂದೂ ಕೇಳಿಸಲಿಲ್ಲ. ಅವನು ರಜಾಯಿಯನ್ನು ಮೈಗೆ ಸುತ್ತಿಕೊಂಡು, ಕಾಲೆಳೆಯುತ್ತ ಬೇಲಿಯ ಕಡೆ ನಡೆದ.

ಭಾವಮೈದ ದುರ್ಬೀನನ್ನು ಆಕಾಶಕ್ಕೆ ನೆಟ್ಟು ಫೋನಿನಲ್ಲಿ ಕಿರುಚುತ್ತಿದ್ದ. "ಎದ್ರು ಅಕ್ಕಾ, ಎದ್ರು! ಏನು ಹಾರಿಸ್ತಾರೆ ಭಾವ! ನಿಮ್ಮ ಮನೆ ಕಡೇನೇ ಬರ್ತಾ ಇದಾರೆ, ನೋಡು ನೋಡು!" ಫೋನಿನೊಳಗಿಂದ ಚಪ್ಪಾಳೆ, ಸಿಳ್ಳೆ. ಅತ್ತೆಯ ದನಿ: "ನನ್ನ ಅಳಿಯ ಕಣ್ರೀ, ನನ್ನ ಅಳಿಯ!" ಅದರ ಮೇಲೆ ಹೆಂಡತಿಯ ದನಿ, ಮದುವೆಯಾದಂದಿನಿಂದ ಅವನು ಕೇಳದಷ್ಟು ಮೆತ್ತಗೆ: "ಕೈ ಬೀಸಿದೆ ಕಣೋ! ಅವರೂ ರೆಕ್ಕೆ ಅಲ್ಲಾಡಿಸಿದ್ರು!"

ಕನ್ನಡಕ ಬೇಲಿಯ ತಂತಿ ಹಿಡಿದು ಕೆಮ್ಮಿದ.

ಭಾವಮೈದ ದುರ್ಬೀನು ಕೆಳಗಿಳಿಸಿದ. ಅವನನ್ನು ನೋಡಿದ, ಆಕಾಶ ನೋಡಿದ, ಮತ್ತೆ ಅವನನ್ನು ನೋಡಿದ.

"ಭಾವಾ! ನೀವಿಲ್ಲಿದ್ರೆ... ಅಕ್ಕ ಕೈ ಬೀಸಿದ್ದು ಯಾರಿಗೆ?"