ಮುಗಿಲುಕೆರೆಗೆ ಕಣ್ಣು ತೆರೆಸಿದ್ದು

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ನಡೆದದ್ದಿಲ್ಲ. ನಡುವೆ ಏನಾದರೊಂದು ಆಗಿಯೇ ತೀರುತ್ತದೆ, ನೋಡಿದವರು ನಗುತ್ತಾರೆ, ನಾವು ಮುಖ ಮುಖ ನೋಡಿಕೊಳ್ಳುತ್ತೇವೆ. ನನ್ನ ತಮ್ಮ ಇದ್ದಷ್ಟು ದಿನ ಇಂಥದ್ದು ವಾರಕ್ಕೊಂದು ಆಗುತ್ತಿತ್ತು. ಈಗ ಅವನಿಲ್ಲ. ಆದರೂ ಬಸ್ಸಿನಲ್ಲಿ ಒಬ್ಬಳೇ ಕುಳಿತಾಗ ನೆನಪಾಗಿ ನಕ್ಕುಬಿಡುತ್ತೇನೆ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಅದಕ್ಕೇ ಬರೆದಿಟ್ಟರೆ ವಾಸಿ ಅನ್ನಿಸಿತು.

ನಮ್ಮದು ಯಲಹಂಕ ಹಳೇ ಊರು. ಅಪ್ಪ ದೇವಸ್ಥಾನದ ಗೋಪುರದ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದರು, ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ತಮ್ಮ ಅವರ ಜೊತೆಯಲ್ಲೇ ಕೆಲಸ ಕಲಿತ. ಅಪ್ಪ ಹೋದರು, ಹಿಂದೆಯೇ ಫ್ಲೆಕ್ಸ್ ಬಂತು, ಬೋರ್ಡು ಬರೆಸುವವರೇ ಇಲ್ಲವಾದರು. ತಮ್ಮ ಒಂದು ಹಳೇ ಕಂಪ್ಯೂಟರನ್ನೂ ಚಿತ್ರ ಬರೆಯಲು ಪೆನ್ನಿರುವ ಒಂದು ಹಲಗೆಯನ್ನೂ ತಂದು, 2011ರ ಸುಮಾರಿಗೆ 'ಮುಗಿಲುಕೆರೆ' ಶುರುಮಾಡಿದ. ಅದು ವೆಬ್‌ಕಾಮಿಕ್. ಅಚ್ಚಾಗುವ ಪುಸ್ತಕವಲ್ಲ, ಶುಕ್ರವಾರಕ್ಕೊಂದು ಪುಟದಂತೆ ಇಂಟರ್‌ನೆಟ್ಟಿನಲ್ಲಿ ಬರುವ ಚಿತ್ರಕಥೆ.

ಕಥೆ ಇಷ್ಟು. ಕೆರೆಗಳನ್ನು ನುಂಗುವ ಒಬ್ಬ ರಾಕ್ಷಸ ಬರುತ್ತಾನೆ. ಅವನಿಗೆ ಹೆದರಿ ಕೆರೆಗಳೆಲ್ಲ ಎದ್ದು ಆಕಾಶಕ್ಕೆ ಹೋಗಿಬಿಡುತ್ತವೆ. ಅವನ್ನು ವಾಪಸು ಕರೆತರಲು ಆ ಸೀಮೆಯ ರಾಣಿ ಚೀಲದಂಥ ಕೊಕ್ಕಿನ ಒಂದು ದೊಡ್ಡ ಹೆಜ್ಜಾರ್ಲೆ ಹಕ್ಕಿಯ ಮೇಲೆ ಕುಳಿತು ಹೊರಡುತ್ತಾಳೆ. ಆ ಹಕ್ಕಿಯನ್ನು ಅವನು ಜಕ್ಕೂರು ಕೆರೆಯಲ್ಲಿ ಕೂತು ನೋಡಿ ಬರೆದದ್ದು. ನಾನು ಹೈಸ್ಕೂಲಿನ ಕನ್ನಡ ಮೇಡಂ ಆದ್ದರಿಂದ ಪ್ರತಿ ಪುಟದ ಕೆಳಗೆ ಒಂದು ತ್ರಿಪದಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಮೊದಲನೆಯದು ಇದು:

ನೆಲದ ಮೇಲಿನ ಕೆರೆಯು ಮುಗಿಲೇರಿ ಕುಳಿತಾಗ
ತಲೆಯೆತ್ತಿ ನೀರ ಕೇಳಿದೆವು – ಕೊಡ ಹಿಡಿದು
ಹೊಲದಂಚಿನಲ್ಲಿ ಕಾದೆವು

ರಾಣಿಯ ಮಚ್ಚೆ

ಆಯುಧಪೂಜೆ ಮುಗಿದ ಮಾರನೆಯ ದಿನ ತಮ್ಮ ನನಗೆ ಫೋನ್ ಮಾಡಿದ. ನನ್ನ ಮನೆ ಅದೇ ಬೀದಿಯ ಇನ್ನೊಂದು ತುದಿಯಲ್ಲಿತ್ತು.

"ಅಕ್ಕ, ರಾಣಿ ಕೆನ್ನೆ ಮೇಲೆ ಒಂದು ಕೆಂಪು ಚುಕ್ಕೆ ಬಂದ್‌ಬಿಟ್ಟಿದೆ ಕಣೇ. ಅರ್ಧ ಗಂಟೆಯಿಂದ ಅಳಿಸ್ತಾ ಇದೀನಿ, ಹೋಗ್ತಾನೇ ಇಲ್ಲ. ವೈರಸ್ಸು ಅನ್ಸುತ್ತೆ."

ಹೋಗಿ ನೋಡಿದೆ. ಅಮ್ಮ ಕಂಪ್ಯೂಟರಿಗೆ ಪೂಜೆ ಮಾಡಿ ಪರದೆಯ ಮೇಲೆಯೇ ಕುಂಕುಮ ಇಟ್ಟಿದ್ದಳು. ನಾನು ಸೆರಗಿನಿಂದ ಒರೆಸಿದೆ. ಅವನು ಹಿಂದೆ ಸರಿದು ರಾಣಿಯ ಮುಖ ನೋಡಿದ. ಆಮೇಲೆ ಪೆನ್ನು ತೆಗೆದುಕೊಂಡು ಅದೇ ಜಾಗಕ್ಕೆ ಚುಕ್ಕೆ ಇಟ್ಟು, "ಇರ್ಲಿ, ಚೆನ್ನಾಗಿತ್ತು" ಅಂದ.

ಟ್ಯಾಂಕರ್ ಬಾರದ ಶುಕ್ರವಾರ

ಗೊಂಬೆಗೆ ಕಣ್ಣು ತೆರೆಸುವುದಕ್ಕೆ ಅಪ್ಪನದೊಂದು ಕಟ್ಟುನಿಟ್ಟಿತ್ತು. ಮೈಯೆಲ್ಲ ಬಣ್ಣವಾದ ಮೇಲೆ ಕೊನೆಗೆ ಕಣ್ಣು. ಅಲ್ಲಿಯವರೆಗೆ ಮುಖಕ್ಕೆ ಬಟ್ಟೆ ಮುಚ್ಚಿರಬೇಕು. ಬೆಳಿಗ್ಗೆ ತಲೆಗೆ ಸ್ನಾನ ಮಾಡಿಯೇ ಕಣ್ಣು ಬರೆಯಬೇಕು. ಗೊಂಬೆಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಎದುರಿಗೆ ಒಬ್ಬರು ಕನ್ನಡಿ ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತು, ಮುಖ ಮಾಡಿದ ಮೇಲೆ ಕಣ್ಣಿಲ್ಲದೆ ಬಿಡಬಾರದು. ಮಾಡಿದವನಿಗೆ ಆಗದಿದ್ದರೆ ಅವನ ಮನೆಯವರಾದರೂ ಮುಗಿಸಬೇಕು.

ತಮ್ಮ ಇದನ್ನೆಲ್ಲ ಕಂಪ್ಯೂಟರಿಗೂ ತಂದ. ಅದರಲ್ಲಿ ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಚಿತ್ರ ಬರೆಯುತ್ತಾರೆ, ಲೇಯರ್ ಅನ್ನುತ್ತಾರೆ. ಕಣ್ಣುಗಳಿಗೇ ಒಂದು ಬೇರೆ ಲೇಯರ್. ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಕಣ್ಣು ಬರೆದು, ಅಪ್ಪ ಶೇವಿಂಗ್ ಮಾಡಿಕೊಳ್ಳುತ್ತಿದ್ದ ಕನ್ನಡಿಯನ್ನು ಪರದೆಯ ಎದುರು ಅಮ್ಮನ ಕೈಯಲ್ಲಿ ಹಿಡಿಸಿ, ಆಮೇಲೆ ಪುಟ ಹಾಕುತ್ತಿದ್ದ.

ಒಂದು ಬೇಸಿಗೆಯಲ್ಲಿ ಬೋರ್ ಒಣಗಿ ಬೀದಿಗೆಲ್ಲ ಟ್ಯಾಂಕರ್ ನೀರೇ ಗತಿಯಾಯಿತು. ಆ ಶುಕ್ರವಾರ ಟ್ಯಾಂಕರ್ ಬರಲಿಲ್ಲ. ನೀರಿಲ್ಲ, ಸ್ನಾನವಿಲ್ಲ, ಹಾಗಾಗಿ ಕಣ್ಣೂ ಇಲ್ಲ. ತಮ್ಮ ಓದುಗರಿಗೆ ಎರಡು ಸಾಲು ಬರೆದು ಹಾಕಿದ: "ನಮ್ಮ ಬೀದಿಗೆ ಟ್ಯಾಂಕರ್ ಬಂದಿಲ್ಲ. ಈ ವಾರ ಪುಟ ಇರುವುದಿಲ್ಲ." ಎಲ್ಲೋ ಆರ್.ಟಿ. ನಗರದಿಂದ ಒಬ್ಬರು ಕೆಳಗೆ ಬರೆದಿದ್ದರು: "ಕಥೆಗಾಗಿ ಇಷ್ಟೊಂದು ಅನುಭವಿಸಿ ಬರೀಬೇಕಾಗಿಲ್ಲ ಗುರು."

ರಾಕ್ಷಸ ಮನೆಗೆ ಬಂದದ್ದು

ಎದುರುಮನೆಯಲ್ಲಿ ಒಬ್ಬ ಬಿಲ್ಡರ್ ಇದ್ದರು. ಹಳೇ ಊರಿನವರೇ, ಅವರ ತಾತನ ಕಾಲದಲ್ಲಿ ಕೆರೆಯ ಪಕ್ಕ ಜಮೀನಿತ್ತು. ಈಗ ಜಮೀನಿದ್ದ ಕಡೆ ಅಪಾರ್ಟ್‌ಮೆಂಟು, ಕೆರೆಯಿದ್ದ ಕಡೆಯೂ ಅಪಾರ್ಟ್‌ಮೆಂಟು. ತಮ್ಮ ರಾಕ್ಷಸನಿಗೆ ಅವರ ಮೀಸೆ, ಅವರ ಹೊಟ್ಟೆ, ಅವರು ಗೇಟಿಗೆ ಒರಗಿ ನಿಲ್ಲುವ ಭಂಗಿ ಎಲ್ಲವನ್ನೂ ಅನಾಮತ್ತಾಗಿ ಎತ್ತಿಕೊಂಡಿದ್ದ. ನಾನು ಬೇಡ ಕಣೋ ಅಂದಿದ್ದೆ, ಕೇಳಿರಲಿಲ್ಲ.

ಯಾರೋ ಅವರಿಗೆ ಮೊಬೈಲಿನಲ್ಲಿ ತೋರಿಸಿದರು. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಬಂದು ನಿಂತರು. ಅಮ್ಮ ಒಳಗೆ ಹೋಗಿ ದೇವರ ಮುಂದೆ ಕುಳಿತಳು.

"ಏನಪ್ಪ ಆರ್ಟಿಸ್ಟು, ಇದು ನಾನೇ ತಾನೆ?"

ತಮ್ಮ ಎದ್ದು ಅಂಗಿ ಹಾಕಿಕೊಂಡ.

"ಕೆರೆ ನುಂಗೋದೆಲ್ಲ ಸರಿ. ಆದ್ರೆ ನನ್ನ ಎತ್ತಿನ ಗಾಡಿ ಮೇಲೆ ಯಾಕೆ ಕೂರ್ಸಿದೀಯ? ನಂದು ಕಾರ್ ಐತೆ. ನೋಡ್ದೋರು ಏನಂದ್ಕೋತಾರೆ?"

ಮುಂದಿನ ತಿಂಗಳು ಅವರ ಹುಟ್ಟುಹಬ್ಬಕ್ಕೆ ಸರ್ಕಲ್ಲಿನಲ್ಲಿ ಒಂದು ದೊಡ್ಡ ಫ್ಲೆಕ್ಸ್ ಎದ್ದಿತು. ಅದರಲ್ಲಿ ಅವರ ಫೋಟೋ ಇರಲಿಲ್ಲ. ಬಾಯಿ ತೆರೆದು ಕೆರೆ ನುಂಗುತ್ತಿರುವ ರಾಕ್ಷಸ, ಕೆಳಗೆ 'ನಮ್ಮ ನೆಚ್ಚಿನ ನಾಯಕರಿಗೆ ಹಾರ್ದಿಕ ಶುಭಾಶಯಗಳು'.

ಅರ್ಧ ಮಾರ್ಕು

ಹತ್ತನೇ ಕ್ಲಾಸಿನ ಟೆಸ್ಟಿನಲ್ಲಿ 'ನಿಮಗೆ ಗೊತ್ತಿರುವ ಒಂದು ತ್ರಿಪದಿಯನ್ನು ಬರೆದು, ಬರೆದವರನ್ನು ಹೆಸರಿಸಿ' ಅಂತ ಕೇಳಿದ್ದೆ. ಒಬ್ಬಳು ಹುಡುಗಿ ದುಂಡಗಿನ ಅಕ್ಷರದಲ್ಲಿ 'ನೆಲದ ಮೇಲಿನ ಕೆರೆಯು' ಬರೆದು, ಕೆಳಗೆ 'ಇದನ್ನು ಬಹಳ ಹಿಂದೆ ಬದುಕಿದ್ದ ಒಬ್ಬ ಕವಿ ಬರೆದರು' ಅಂದಿದ್ದಳು.

ತಪ್ಪು ಹಾಕಲು ಕೈ ಬರಲಿಲ್ಲ, ಸರಿ ಹಾಕಲು ಧೈರ್ಯ ಬರಲಿಲ್ಲ. ಎರಡು ಮಾರ್ಕಿನ ಪ್ರಶ್ನೆಗೆ ಅರ್ಧ ಕೊಟ್ಟೆ. ತಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ನಾನು ಯಾವ ಪದ್ಯ ಕೊಟ್ಟರೂ ಓದಿ, ತಲೆ ತೂಗಿ, "ಅರ್ಧ ಮಾರ್ಕು" ಅನ್ನುತ್ತಿದ್ದ.

ಇಡೀ ಆಸ್ಥಾನ ಕುರುಡಾದದ್ದು

ಆಮೇಲಿನ ವರ್ಷ ಅವನ ಕಾಲು ಊದತೊಡಗಿತು. ಎರಡೂ ಕಿಡ್ನಿ ಕೈಕೊಟ್ಟಿವೆ ಅಂದರು ಡಾಕ್ಟರು. ನನ್ನ ಕಿಡ್ನಿ ಹೊಂದಲಿಲ್ಲ, ಅಮ್ಮನಿಗೆ ಸಕ್ಕರೆ ಕಾಯಿಲೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಅಂತಾಯಿತು. ಅವನಿಗೆ ಆಗ ಮೂವತ್ತೆಂಟು.

ಮೊದಲ ಸಲ ಅಡ್ಮಿಟ್ ಆದದ್ದು ಗುರುವಾರ. ಹೊರಡುವ ಗಡಿಬಿಡಿಯಲ್ಲೂ ಸ್ನಾನ ಮಾಡಿ ಕಣ್ಣು ಬರೆದಿದ್ದ. "ಪುಟ ರೆಡಿ ಇದೆ, ನಾಳೆ ನೀನೇ ಹಾಕ್ಬಿಡು ಅಕ್ಕ" ಅಂದ. ನಾನು ಶುಕ್ರವಾರ ಹಾಕಿದೆ. ಕಣ್ಣಿನ ಲೇಯರನ್ನು ಅವನು ಮುಚ್ಚಿಟ್ಟಿದ್ದಾನೆ, ಅದನ್ನು ತೆರೆದು ಹಾಕಬೇಕು ಅಂತ ನನಗೆ ಗೊತ್ತಿರಲಿಲ್ಲ. ರಾಣಿ, ಮಂತ್ರಿ, ಸೈನಿಕರು, ಹೆಜ್ಜಾರ್ಲೆ, ಒಬ್ಬರಿಗೂ ಕಣ್ಣಿಲ್ಲದ ಪುಟ ಲೋಕಕ್ಕೆಲ್ಲ ಹೋಯಿತು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವನೇ ಮೊಬೈಲಿನಲ್ಲಿ ನೋಡಿ, ಒಂದೊಂದಾಗಿ ಓದಿ ಹೇಳಿದ. "ಏನ್ ಟ್ವಿಸ್ಟು ಗುರು, ಇಡೀ ರಾಜ್ಯನೇ ಕುರುಡಾಗೋಯ್ತು" ಅಂತ ಒಬ್ಬ. "ಅಳೋಕೂ ನೀರಿಲ್ಲ, ಅದಕ್ಕೇ ಕಣ್ಣೇ ಇಲ್ಲ, ಎಂಥ ಕಲ್ಪನೆ" ಅಂತ ಇನ್ನೊಬ್ಬರು. ಅವನು ನಕ್ಕ ರಭಸಕ್ಕೆ ಕೈಯ ಸೂಜಿ ಅಲುಗಿ ನರ್ಸಮ್ಮ ಬಂದು ಬೈದಳು. ಕಥೆಯನ್ನು ಹಾಗೇ ಬಿಡುವಂತಿರಲಿಲ್ಲ. ಮುಂದಿನ ಹನ್ನೊಂದು ವಾರ ರಾಜ್ಯಕ್ಕೆ ದೃಷ್ಟಿ ಹೋದದ್ದು ಹೇಗೆ, ವಾಪಸು ಬಂದದ್ದು ಹೇಗೆ ಅಂತ ಅವನು ಚಿತ್ರ ಬರೆದ, ನಾನು ಹನ್ನೊಂದು ತ್ರಿಪದಿ ಬರೆದೆ. ಎಲ್ಲ ಮುಗಿದ ಮೇಲೆ ಒಬ್ಬ ಬರೆದ: "ಇಂಗೇ ಆಗುತ್ತೆ ಅಂತ ನಂಗೆ ಮೂರನೇ ಪುಟದಲ್ಲೇ ಗೊತ್ತಿತ್ತು ಮಗಾ."

ರಾಕ್ಷಸನ ಕಾರಿನಲ್ಲಿ

ಹೆಬ್ಬಾಳದ ಕಡೆಯ ಆಸ್ಪತ್ರೆಗೆ ವಾರಕ್ಕೆ ಮೂರು ದಿನ ಅವನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಯಾರು ಅಂದುಕೊಂಡಿರಿ? ಎದುರುಮನೆ ಬಿಲ್ಡರು. ನಾವು ಕೇಳಿರಲಿಲ್ಲ. ಒಂದು ದಿನ ಆಟೋ ಸಿಗದೆ ನಿಂತಿದ್ದಾಗ ಕಾರು ತಂದು ನಿಲ್ಲಿಸಿ "ಹತ್ತಪ್ಪ" ಅಂದರು, ಆಮೇಲೆ ಅದೇ ಅಭ್ಯಾಸವಾಯಿತು. ಡ್ರೈವರ್ ಇದ್ದರೂ ತಾವೇ ಓಡಿಸುತ್ತಿದ್ದರು.

ರಜೆಯಿದ್ದ ದಿನ ನಾನೂ ಹಿಂದಿನ ಸೀಟಿನಲ್ಲಿರುತ್ತಿದ್ದೆ. ಒಮ್ಮೆ ಫ್ಲೈಓವರ್ ಮೇಲೆ ಗಾಡಿಗಳೆಲ್ಲ ನಿಂತುಬಿಟ್ಟವು. ಅವರು ಕೇಳಿದರು, "ನನ್ನ ಯಾವಾಗ ಸಾಯಿಸ್ತೀಯ?"

"ಕೊನೇ ಪುಟದಲ್ಲಿ ಅಣ್ಣ. ಕೆರೆಗಳೆಲ್ಲ ವಾಪಸ್ ಇಳೀತವೆ, ನೀವು ಮುಳುಗಿ ಹೋಗ್ತೀರ."

"ಅಂಗಾದ್ರೆ ಕೊನೇ ಪುಟ ಬರೀಬೇಡ. ಎಳೀತಾ ಇರು ಇಂಗೇ, ಎಷ್ಟು ವರ್ಷ ಆದ್ರೂ ಸರಿ."

ಅವರು ಯಾರ ಆಯಸ್ಸಿನ ಬಗ್ಗೆ ಮಾತಾಡುತ್ತಿದ್ದಾರೆಂದು ನನಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ತಮ್ಮನೇ ಮಾತು ತಿರುಗಿಸಿದ.

"ಇಷ್ಟು ದೊಡ್ಡ ಮನುಷ್ಯರು, ಈಜು ಬರಲ್ವಾ ನಿಮ್ಗೆ?"

"ಎಲ್ಲಿ ಕಲೀಲಪ್ಪ?" ಅಂದರು ಅವರು. "ಕೆರೆ ಎಲ್ಲೈತೆ?"

ಕೊನೆಯ ಪುಟ

ಹೋಗುವುದಕ್ಕೆ ಒಂದು ವಾರ ಮುಂಚೆ ಅವನು ನನ್ನನ್ನು ಕರೆಸಿಕೊಂಡ. "ಕೊನೇ ಪುಟ ಆಯ್ತು ಅಕ್ಕ. ಕಣ್ಣು ಮಾತ್ರ ಬಾಕಿ. ಕೈ ನಡುಗ್ತದೆ, ಆಗಲ್ಲ. ನಿನ್ನ ಪದ್ಯಕ್ಕೂ ಜಾಗ ಬಿಟ್ಟಿದೀನಿ."

"ನಂಗೆ ಒಂದು ಗೆರೆ ಎಳೆಯೋಕೆ ಬರಲ್ಲ ಕಣೋ."

"ಗೊತ್ತು. ಆದ್ರೂ ಕಣ್ಣಿಲ್ದೆ ಬಿಡ್ಬೇಡ."

ಆಯಿತು ಅಂದೆ. ಒಂದು ಮಂಗಳವಾರ ಬೆಳಿಗ್ಗೆ ಅವನು ಹೋದ.

ಅದಾದ ಮೇಲೆ ಎರಡು ತಿಂಗಳು ನಾನು ಆ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಪರದೆಯ ಮೇಲೆ ಅಮ್ಮ ಒಂದು ಟವೆಲ್ ಹೊದಿಸಿದ್ದಳು. ಅವಳು ಮಾತೂ ಕಡಿಮೆ ಮಾಡಿಬಿಟ್ಟಿದ್ದಳು. ಊಟ ಆಯ್ತಾ, ಬಾಗಿಲು ಹಾಕು, ಇಷ್ಟೇ. ಕೊಟ್ಟ ಮಾತು ನೆನಪಿತ್ತು, ಆದರೆ ಆ ಪುಟ ಹೋಯಿತೆಂದರೆ ಅವನದು ಅಂತ ಬರುವುದು ಇನ್ನೇನೂ ಉಳಿಯುವುದಿಲ್ಲ ಅನ್ನುವ ಸಂಕಟ. ನನಗೆ ಅದನ್ನು ಮುಗಿಸುವುದು ಬೇಡವಾಗಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ನಾನು ಅಮ್ಮನ ಮನೆಯಲ್ಲಿದ್ದಾಗ ಬಿಲ್ಡರು ಬಂದರು. ಬಾಗಿಲಲ್ಲೇ ನಿಂತು ಚಪ್ಪಲಿ ಬಿಟ್ಟರು.

"ಮೇಡಂ, ಸಾಕು. ನನ್ನ ಸಾಯಿಸ್ಬಿಡಿ."

ನಾನು ಕುರ್ಚಿ ತೋರಿಸಿದೆ. ಅವರು ಕೂರಲಿಲ್ಲ.

"ನಾನೇ ಎಳೀತಾ ಇರು ಅಂದಿದ್ದೆ. ಈಗ ಯಾರಿಗೋಸ್ಕರ ಎಳೀಬೇಕು? ಅವ್ನ ಕೆಲ್ಸ ಅರ್ಧಕ್ಕೆ ನಿಲ್ಬಾರ್ದು." ಆಮೇಲೆ ಸಣ್ಣ ದನಿಯಲ್ಲಿ, "ಟ್ಯಾಂಕರ್ ಕಳಿಸಿದೀನಿ. ನೀರೈತೆ, ಸ್ನಾನ ಮಾಡ್ಕಳಿ" ಅಂದರು.

ತಲೆಗೆ ಸ್ನಾನ ಮಾಡಿ ಕುಳಿತೆ. ಟವೆಲ್ ತೆಗೆದೆ. ಆಕಾಶದಿಂದ ಕೆರೆಗಳು ಬೆಡ್‌ಶೀಟಿನಂತೆ ಮಡಿಕೆ ಮಡಿಕೆಯಾಗಿ ಇಳಿಯುತ್ತಿದ್ದವು. ಕೊಡ ಹಿಡಿದ ಜನ, ಹೆಜ್ಜಾರ್ಲೆಯ ಮೇಲೆ ರಾಣಿ, ಕೆನ್ನೆಯಲ್ಲಿ ಅಮ್ಮನ ಕುಂಕುಮದ ಚುಕ್ಕೆ. ಒಂದು ಮೂಲೆಯಲ್ಲಿ ಕುತ್ತಿಗೆವರೆಗೆ ನೀರಿನಲ್ಲಿ ರಾಕ್ಷಸ. ಯಾರಿಗೂ ಕಣ್ಣಿಲ್ಲ. ಮೊದಲು ಪದ್ಯ ಬರೆದೆ. ಎರಡು ತಿಂಗಳು ಬಾರದ್ದು ಐದು ನಿಮಿಷದಲ್ಲಿ ಬಂತು:

ಕಣ್ಣ ತೆರೆ ದೊರೆಸಾನಿ, ಕೆರೆ ಮರಳಿ ಬರುತಾವೆ
ಮಣ್ಣಿನ ಬಾಯಿ ತಣಿಯಲಿ – ನಮಗಿಷ್ಟು
ಬಣ್ಣ ಬಳಿದವನ ನೆನಪಿರಲಿ

ಅಮ್ಮ ಕನ್ನಡಿ ಹಿಡಿಯಲು ಅಡುಗೆಮನೆಯಿಂದ ಬರಲಿಲ್ಲ. ಬಿಲ್ಡರೇ ಅಪ್ಪನ ಶೇವಿಂಗ್ ಕನ್ನಡಿಯನ್ನು ಎರಡು ಕೈಯಲ್ಲಿ ಹಿಡಿದು ಪರದೆಯ ಎದುರು, ನನ್ನ ಭುಜದ ಹಿಂದೆ ನಿಂತರು. ಪೆನ್ನು ಹಲಗೆಯ ಮೇಲೆ, ಗೆರೆ ಪರದೆಯ ಮೇಲೆ, ನನ್ನ ಕೈಗೆ ಎರಡರ ಹೊಂದಾಣಿಕೆಯೇ ತಿಳಿಯದು. ಒಂದು ಕಣ್ಣು ದೊಡ್ಡದಾದರೆ ಇನ್ನೊಂದು ಕಿವಿಯ ಹತ್ತಿರ ಹೋಗುತ್ತಿತ್ತು. ಬೆವರುತ್ತ ಬರೆದೆ. ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ಆಯ್ತಾ ಮೇಡಂ? ಸತ್ನಾ ನಾನು?"

"ಸತ್ರಿ" ಅಂದೆ.

ಅವರು ಕನ್ನಡಿ ಇಳಿಸಿ, ಬಗ್ಗಿ, ಬಹಳ ಹೊತ್ತು ನೋಡಿದರು.

"ಎಲ್ಲಾ ಸರಿ ಮೇಡಂ. ಆದ್ರೆ ಸಾಯೋವಾಗ ನನ್ನ ಒಂದು ಕಣ್ಣು ಹೆಬ್ಬಾಳ ನೋಡ್ತೈತೆ, ಇನ್ನೊಂದು ಚಿಕ್ಕಜಾಲ ನೋಡ್ತೈತೆ."

ನನಗೆ ತಡೆಯಲಾಗಲಿಲ್ಲ. ನಕ್ಕೆ. ಅವರೂ ನಕ್ಕರು, ಕನ್ನಡಿ ಕೈಯಲ್ಲೇ ಇತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಬಂದಳು. ನಾನು ಗಡಿಬಿಡಿಯಲ್ಲಿ, "ಅಳಿಸಿ ಇನ್ನೊಂದ್ಸಲ ಬರೀತೀನಮ್ಮ" ಅಂದೆ.

ಅಮ್ಮ ಪರದೆಯ ಹತ್ತಿರ ಬಂದು ರಾಣಿಯನ್ನು ನೋಡಿದಳು, ರಾಕ್ಷಸನನ್ನು ನೋಡಿದಳು, ಹಕ್ಕಿಯನ್ನೂ ಬಿಡಲಿಲ್ಲ. ಅವಳ ತುಟಿ ಅಲುಗಿತು. ಎರಡು ತಿಂಗಳಲ್ಲಿ ಮೊದಲ ಸಲ ನಕ್ಕಳು.

"ಅವ್ನು ಏಳು ವರ್ಷದೋನಿದ್ದಾಗ ಮೊದಲ್ನೇ ಸಲ ಕಣ್ಣು ಬರೆದ ಗಣಪ್ಪನೂ ಇಂಗೇ ನೋಡ್ತಿದ್ದ. ನಿಮ್ಮಪ್ಪ ಅಳಿಸಕ್ಕೋದ್ರೆ ಅತ್ತೂ ಕರೆದು ಬಿಡ್ಲೇ ಇಲ್ಲ" ಅಂದಳು. "ಅಳಿಸ್ಬೇಡ, ಹಾಕ್ಬಿಡು. ಅವ್ನೇ ಬರ್ದಂಗೈತೆ."