ಭಾವ ಹೊರದ ಹರಕೆ

ನಮ್ಮ ಭಾವ ಒಂದು ಬೇಸಿಗೆ ಪೂರ್ತಿ ದೇವರಾಗಿದ್ದರು. ನಗಬೇಡಿ! ಅವರ ಊರು ಹಂಗಳದಲ್ಲಿ ಅವರ ಕಾಲಿಗೆ ಬಿದ್ದವರು ಇವತ್ತಿಗೂ ಇದ್ದಾರೆ. ತಪಸ್ಸು ಮಾಡಿ ಆದದ್ದಲ್ಲ, ಕ್ಷೌರ ಮಾಡಿಸಿಕೊಳ್ಳಲು ಹೆದರಿ ಆದದ್ದು.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ, ಅವರಿಗೆ ನಾನೂ ಭಾವನೇ. ಹೆಸರು ಬೇಡ. "ಬರೀರಿ ಬಾವ, ನನ್ನಂಗೆ ಎದ್ರಿ ಸಾಯೋರು ಇನ್ನೂ ಅವ್ರೆ. ಆದ್ರೆ ಎಸ್ರು ಮಾತ್ರ ಆಕ್ಬ್ಯಾಡಿ" ಎಂದು ಅವರೇ ಹೇಳಿದ್ದಾರೆ. ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಅವರಿಗೆ ಕೆಲಸ. ಟೊಮ್ಯಾಟೊ, ಕೋಸು, ಬೀನ್ಸು ಲಾರಿಗೆ ತುಂಬಿಸುವುದು, ಒಮ್ಮೊಮ್ಮೆ ಲಾರಿಯ ಜೊತೆ ತಾವೂ ಕಾಡು ದಾಟಿ ಕೇರಳಕ್ಕೆ ಹೋಗಿಬರುವುದು. ಆಗಿನ್ನೂ ಚಾಮರಾಜನಗರ ಜಿಲ್ಲೆಯಾಗಿರಲಿಲ್ಲ. ನಾನು ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತ. ಎರಡೂ ಕಡೆಯ ನಂಟರಲ್ಲಿ ಡಿಗ್ರಿ ಹಿಡಿದ ಮೊದಲನೆಯವನು ನಾನೇ. ಹೆಮ್ಮೆಯಿಂದಲೇ ಹೇಳುತ್ತೇನೆ, ಬೀದಿ ದೀಪದ ಕೆಳಗೆ ಕೂತು ಓದಿದವನಿಗೆ ಅಷ್ಟು ಹೆಮ್ಮೆ ಬೇಡವೇ? ಆದರೆ ಡಿಗ್ರಿಗೆ ಒಂದು ಶಿಕ್ಷೆಯೂ ಉಂಟು. ಹಸು ಗಬ್ಬ ಕಟ್ಟದಿದ್ದರೂ ನನ್ನನ್ನೇ ಕೇಳುವರು, ಪಂಪ್‌ಸೆಟ್ಟು ಕೆಟ್ಟರೂ ನನ್ನನ್ನೇ ಕೇಳುವರು.

ಹಾಗೆ ಒಂದು ದಿನ ಭಾವನೂ ಬಂದರು. ಮನೆಯೊಳಗೆ ಕೂರಲಿಲ್ಲ. ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ನಮ್ಮ ಸ್ಟೇಷನ್ನಿನಷ್ಟು ಗುಟ್ಟಿನ ಜಾಗ ಬೇರೆ ಇರಲಿಲ್ಲ, ರೈಲು ಬಂದಾಗಷ್ಟೇ ಅಲ್ಲಿ ಜನ.

"ಒಂದ್ ತಪ್ಪಾಗೋಗದೆ ಬಾವ" ಎಂದರು.

ಲಾರಿ ಕೆಟ್ಟು ಕೇರಳದ ಕಡೆ ಉಳಿದಿದ್ದಾಗ, ಡ್ರೈವರನ ಮಾತು ಕೇಳಿ ಒಂದು ಲಾಡ್ಜಿಗೆ ಹೋಗಿದ್ದರಂತೆ. ಅಲ್ಲಿ ಒಬ್ಬ ಹೆಂಗಸಿನ ಜೊತೆ ಸೇರಿದ್ದರಂತೆ. ನಿರೋಧ್ ಬಳಸಿದ್ದರು. ಅದು ಹರಿದಿರಲಿಲ್ಲ. ಬೆಳಕಿಗೆ ಹಿಡಿದು ನೋಡಿದ್ದರು.

"ಅಷ್ಟೇನಾ?"

"ಅಷ್ಟೇಯ. ಆದ್ರೂ ಆ ಕಾಯ್ಲೆ ಬಂದ್ಬುಟ್ಟಿದ್ರೆ?"

ಆ ಕಾಯಿಲೆ ಎಂದರೆ ಏಡ್ಸು. ಆಗ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆಲ್ಲ ಅದರದೇ ಹೆಸರು, ಪಕ್ಕದಲ್ಲೊಂದು ತಲೆಬುರುಡೆ. ಬರೆಸಿದವರು ಬುರುಡೆಯನ್ನು ಎಷ್ಟು ದೊಡ್ಡದಾಗಿ ಬರೆಸಿದ್ದರೆಂದರೆ, ಮುಟ್ಟಿದರೆ ಬರುವುದಿಲ್ಲ ಎಂಬ ಮಾತಿಗೆ ಗೋಡೆಯಲ್ಲಿ ಜಾಗವೇ ಉಳಿದಿರಲಿಲ್ಲ. ಭಾವ ದಿನಾ ಆ ಗೋಡೆಯ ಎದುರೇ ಬಸ್ಸು ಹತ್ತಬೇಕು!

ಮೈಸೂರಿನ ಡಾಕ್ಟರರೊಬ್ಬರ ಬಳಿಗೆ ಕರೆದುಕೊಂಡು ಹೋದೆ. ರೈಲಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಇಂಗ್ಲಿಷ್ ವಾಕ್ಯವನ್ನು ಅವರ ಮುಂದೆ ಒಪ್ಪಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಅಚ್ಚಗನ್ನಡದಲ್ಲಿ, "ಯಾರಿಗೆ, ನಿಮಗಾ?" ಎಂದರು. ನನ್ನ ಡಿಗ್ರಿ ಅಲ್ಲೇ ಬೆವೆತುಹೋಯಿತು.

ಎಲ್ಲ ಕೇಳಿ, "ಅಪಾಯ ತೀರಾ ಕಡಿಮೆ ಕಣಯ್ಯ. ಈಗಲೇ ರಕ್ತ ನೋಡಿದರೆ ಏನೂ ಗೊತ್ತಾಗೋದಿಲ್ಲ. ಮೂರು ತಿಂಗಳು ಕಳೀಲಿ, ಬಾ" ಎಂದರು.

ನನಗೆ ಸಮಾಧಾನವಾಯಿತು. ಭಾವ ಮಾತ್ರ ಹೊರಗೆ ಬಂದವರೇ, "ತೀರಾ ಕಮ್ಮಿ ಅಂದ್ರೆ ಇಲ್ಲ ಅಂತಲ್ವಲ್ಲ? ಲಾಟ್ರಿ ಒಡ್ಯೋದೂ ತೀರಾ ಕಮ್ಮಿಯೇ. ನಮ್ ಮಂಡಿ ಪಕ್ಕದ ಬೀಡಾ ಅಂಗ್ಡಿಯವ್ನಿಗೆ ಒಡೀನಿಲ್ವಾ?" ಎಂದರು. ಇದಕ್ಕೆ ಯಾವ ಯೂನಿವರ್ಸಿಟಿಯಲ್ಲಿ ಉತ್ತರ ಇದೆ, ಹೇಳಿ.

ಆ ಮೂರು ತಿಂಗಳು ಶುರುವಾಯಿತು. ಮೊದಲು ತೂಕ. ಮೈ ಇಳಿದರೆ ಅದೇ ರೋಗದ ಗುರುತು ಎಂದು ಯಾರೋ ಹೇಳಿದ್ದರಂತೆ. ಮಂಡಿಯಲ್ಲಿ ಮೂಟೆ ತೂಗುವ ಯಂತ್ರದ ಮೇಲೆ ದಿನಾ ಹತ್ತಿ ನಿಲ್ಲತೊಡಗಿದರು, ಈ ಕಡೆ ಕೋಸು, ಆ ಕಡೆ ಮೂಲಂಗಿ, ನಡುವೆ ಭಾವ. ಒಂದು ದಿನ ಏದುಸಿರು ಬಿಡುತ್ತ ನನ್ನ ಕಚೇರಿಗೇ ಬಂದರು. "ಮುಗೀತು ಬಾವ. ಇಳ್ದೋಗದೆ."

"ಯಾವ ಯಂತ್ರದಲ್ಲಿ ನೋಡಿದಿರಿ?"

"ನಮ್ ಮಂಡೀದು."

ರೈತರ ಮಾಲು ಬಂದಾಗ ಕಡಿಮೆ ತೂಕ ತೋರಿಸುವಂತೆ ತಿರುಚಿಡುವ ಯಂತ್ರ ಅದು! ಆ ಗುಟ್ಟನ್ನು ಊರಿಗೆಲ್ಲ ಹೇಳಿದವರೇ ಭಾವ. ಪರರ ಟೊಮ್ಯಾಟೊ ವಿಷಯದಲ್ಲಿ ಗೊತ್ತಿದ್ದ ಸತ್ಯ ತಮ್ಮ ಮೈಯ ವಿಷಯಕ್ಕೆ ಬಂದಾಗ ಮರೆತೇ ಹೋಗಿತ್ತು. ಭಯ ಎಂಬುದು ಹೀಗೆಯೇ, ಇದ್ದ ಬುದ್ಧಿಯನ್ನು ಮೊದಲು ನುಂಗುತ್ತದೆ.

ಆಮೇಲೆ ಸೊಳ್ಳೆ ಪರದೆ ಬಂತು. ಎಲ್ಲರೂ ಸೊಳ್ಳೆ ತಮ್ಮನ್ನು ಕಚ್ಚಬಾರದೆಂದು ಪರದೆ ಕಟ್ಟುತ್ತಾರೆ. ಇವರದು ಬೇರೆ ಲೆಕ್ಕ. "ನನ್ ಕಚ್ಚಿದ್ ಸೊಳ್ಳೆ ಓಗಿ ನಮ್ಮವ್ವನ್ನ ಕಚ್ಬುಟ್ರೆ?" ಸೊಳ್ಳೆಯಿಂದ ಬರುವುದಿಲ್ಲ, ತಟ್ಟೆಯಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ ಎಂದು ಗಿಣಿಗೆ ಹೇಳಿದ ಹಾಗೆ ಹೇಳಿದೆ. ತಲೆ ಆಡಿಸಿದರು. ಮಾರನೆಯ ದಿನ ತಮ್ಮ ತಟ್ಟೆ, ಲೋಟ ಬೇರೆ ಮಾಡಿಕೊಂಡರು. ಹೆಗಲ ಟವೆಲ್ಲನ್ನು ಬೇರೆ ಮಡಕೆಯಲ್ಲಿ ದಿನಾ ಕುದಿಸತೊಡಗಿದರು. ಜಗಲಿಯ ಮೇಲೆ ಒಬ್ಬರೇ ಮಲಗಿದರು. ತಮ್ಮ ಗಡ್ಡ ಹೆರೆದ ಕತ್ತಿ ಇನ್ನೊಬ್ಬರ ಕೆನ್ನೆಗೆ ತಾಗೀತೆಂದು ಕ್ಷೌರ ಬಿಟ್ಟರು. ಬಾಡೂಟ ರುಚಿಸದೆ ಅದನ್ನೂ ಬಿಟ್ಟರು. ಉಡಿಗಾಲ ಎಂಬ ಊರಿನಿಂದ ಹೆಣ್ಣಿನ ಕಡೆಯವರು ಮದುವೆ ಮಾತಿಗೆ ಬಂದಾಗ, "ನಂಗೆ ಮದ್ವೆ ಬ್ಯಾಡ" ಎಂದು ಹಿತ್ತಲಿಂದ ಓಡಿಹೋದರು.

ಗಡ್ಡ, ಬೇರೆ ತಟ್ಟೆ, ಮಾಂಸವಿಲ್ಲ, ಮದುವೆಯಿಲ್ಲ. ನಮ್ಮ ಸೀಮೆಯಲ್ಲಿ ಇದಕ್ಕೆ ಇರುವುದು ಒಂದೇ ಅರ್ಥ. ನಮ್ಮ ಅತ್ತೆ ಮೊದಲು ಕಂಡುಹಿಡಿದರು. "ನನ್ ಮಗ ಬೆಟ್ಟದ ಮಾದಪ್ಪಂಗೆ ಅರ್ಕೆ ಒತ್ಕಂಡವ್ನೆ!"

ಅವ್ವನ ಮುಖದಲ್ಲಿ ಅಷ್ಟು ಸಂತೋಷ ಕಂಡ ಮೇಲೆ ಇಲ್ಲ ಎನ್ನುವುದು ಹೇಗೆ? ಇಲ್ಲ ಎಂದರೆ ಮತ್ತೇನು ಎನ್ನಬೇಕಲ್ಲ! ಭಾವ ಸುಮ್ಮನಾದರು. ಆ ಸುಮ್ಮನಿರುವಿಕೆಯೂ ವ್ರತದ ಲೆಕ್ಕಕ್ಕೆ ಸೇರಿತು. ಪಕ್ಕದ ಮನೆಯ ಹೆಂಗಸು ಜ್ವರದ ಮಗುವನ್ನು ತಂದು, ವಿಭೂತಿ ಇಡಿ ಎಂದಳು. ಇವರು ಮುಟ್ಟಲು ಹೆದರಿ ದೂರದಿಂದಲೇ ವಿಭೂತಿ ಎರಚಿ ಒಳಗೆ ಓಡಿದರು. ಮಗುವಿನ ಜ್ವರ ಬಿಟ್ಟಿತು. ಮರುದಿನ ಜಗಲಿಯ ತುಂಬ ಜನ! "ಮುಟ್ಟೋದೇ ಇಲ್ಲ ಕಣ್ಲಾ, ಅಷ್ಟು ಮಡಿ" ಎಂದು ಊರೆಲ್ಲ ಹೇಳಿತು.

ಇಷ್ಟರವರೆಗೆ ನಾನೂ ನಗುತ್ತಿದ್ದೆ. ನಗು ನಿಂತದ್ದು ನನ್ನ ಮಗಳ ಕಿವಿ ಚುಚ್ಚುವ ದಿನ.

ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚುವುದು ಸೋದರಮಾವನ ತೊಡೆಯ ಮೇಲೆ ಕೂರಿಸಿಕೊಂಡೇ. ನನ್ನ ಮಗಳಿಗೆ ಇದ್ದ ಸೋದರಮಾವ ಇವರೊಬ್ಬರೇ. ಹಂಗಳದ ಮನೆಯಲ್ಲಿ ಚಾಪೆ ಹಾಸಿತ್ತು. ಆಚಾರಿ ಚಿನ್ನದ ತಂತಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಭಾವ ಬಂದರು, ಮಗುವನ್ನು ನೋಡಿದರು, ತಂತಿಯ ಚೂಪು ತುದಿ ನೋಡಿದರು. ರಕ್ತ ಬರುತ್ತದಲ್ಲ! ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಓಡಿ ಗುಂಡ್ಲುಪೇಟೆಯ ಬಸ್ಸು ಹತ್ತಿಬಿಟ್ಟರು.

ನನ್ನ ಹೆಂಡತಿ ಕಂಬಕ್ಕೆ ಒರಗಿ ಅತ್ತಳು. "ನನ್ ಮಗಿನ ಕಂಡ್ರೆ ಅಷ್ಟು ಅಸಯ್ಯವಾ ಅಣ್ಣಂಗೆ? ಉಟ್ಟಾಗ್ಲಿಂದ ಎತ್ಕಂಡು ಕುಣೀತಿದ್ದೋನು, ಈಗ ಬೆಳ್ಳಲ್ಲೂ ಮುಟ್ಟಾಕಿಲ್ಲ."

"ಅರ್ಕೆ ಒತ್ತೋರು ರಕ್ತ ನೋಡ್ಬಾರ್ದು ಕಣಮ್ಮಿ" ಎಂದರು ಅತ್ತೆ.

"ಅಂಗಾದ್ರೆ ಅವ್ನ ಅರ್ಕೆ ತೀರೋಗಂಟ ಕಿವಿ ಅಂಗೇ ಇರ್ಲಿ. ಬ್ಯಾರೆಯವ್ರ ತೊಡೆ ಮ್ಯಾಲೆ ಕೂರ್ಸಾಕಿಲ್ಲ ನಾನು."

ಆಚಾರಿ ತಂತಿ ಸುತ್ತಿಟ್ಟುಕೊಂಡು ಎದ್ದರು. ನಾನು ನಿಜ ಹೇಳಿದರೆ ಭಾವನ ಮಾನ ಹೋಗುತ್ತದೆ, ಹೇಳದಿದ್ದರೆ ಅಣ್ಣತಂಗಿಯ ನಡುವಿನ ಪ್ರೀತಿ ಹೋಗುತ್ತದೆ.

ಮೂರು ತಿಂಗಳು ಕಳೆದವು. ರಕ್ತ ಕೊಟ್ಟು, ಆ ವಾರ ಇಬ್ಬರೂ ಸರಿಯಾಗಿ ಉಣ್ಣದೆ, ಮತ್ತೆ ಡಾಕ್ಟರರ ಮುಂದೆ ಕೂತೆವು. "ಏನೂ ಇಲ್ಲ, ಹೋಗಯ್ಯ" ಎಂದರು. ಭಾವ ಕದಲಲಿಲ್ಲ. "ಸಾ, ಬ್ಯಾರೆಯವ್ರ ರಕ್ತ ನೋಡ್ಬುಟ್ಟಿದ್ರೆ?" ಡಾಕ್ಟರರು ಬೈಯಲಿಲ್ಲ. ಆ ಗಡ್ಡವನ್ನೇ ನೋಡಿ, "ಈ ಮೂರು ತಿಂಗಳು ಹೇಗಿದ್ದೆ?" ಎಂದು ಕೇಳಿದರು. ಭಾವ ಎಲ್ಲ ಹೇಳಿದರು. ತಟ್ಟೆ, ಸೊಳ್ಳೆ, ಟವೆಲ್ಲು, ಕೊನೆಗೆ ತಂಗಿಯ ಮಗು.

"ಅಲ್ಲಯ್ಯ, ಆ ಕಾಯಿಲೆ ಬಂದೇ ಇದ್ದಿದ್ದರೂ ಮಗುವನ್ನ ಎತ್ತಿಕೊಂಡು ಮುದ್ದಾಡಬಹುದಿತ್ತಲ್ಲ" ಎಂದರು ಡಾಕ್ಟರರು.

ನಾನು ಸಾವಿರ ಸಲ ಹೇಳಿದ ಮಾತೇ. ಅಂದು ಮಾತ್ರ ಅದು ಭಾವನ ಕಿವಿಗೆ ಬಿತ್ತು. ಮುಖಕ್ಕೆ ಟವೆಲ್ಲು ಒತ್ತಿಕೊಂಡು ದೊಡ್ಡ ದನಿ ತೆಗೆದು ಅತ್ತರು.

ವಾಪಸು ಬರುವ ರೈಲಿನಲ್ಲಿ ಕಿಟಕಿಯ ಹೊರಗೆ ನೋಡುತ್ತ, "ಆಯಮ್ಮಂಗೆ ಯಾರು ಇಂಗೆ ಮೈಸೂರ್ಗೆ ಕರ್ಕಂಡೋಗಿ ರಕ್ತ ನೋಡ್ಸಾರು ಬಾವ?" ಎಂದರು. ಲಾಡ್ಜಿನ ಆ ಹೆಂಗಸಿನ ಮಾತು.

ಇನ್ನು ಉಳಿದದ್ದು ಗಡ್ಡ. ಹರಕೆ ತೀರಿಸದೆ ಅದನ್ನು ತೆಗೆಸಲು ಅತ್ತೆ ಬಿಡಬೇಕಲ್ಲ! ಕೊನೆಗೆ ಭಾವ ಮಾದಪ್ಪನ ಬೆಟ್ಟಕ್ಕೆ ಹೋಗಿ, ಹೊರದೇ ಇದ್ದ ಹರಕೆಯನ್ನು ತಲೆ ಬೋಳಿಸಿಕೊಂಡು ತೀರಿಸಿ ಬಂದರು. "ಅರ್ಕೆ ಒರ್ದೇ ಇದ್ರೂ ಮಾದಪ್ಪ ಕಾಯ್ದ ಬುಡಿ" ಎಂದರು.

ಮತ್ತೆ ಚಾಪೆ ಹಾಸಿದೆವು, ಆಚಾರಿ ಬಂದರು. ಬೋಳುತಲೆಯ ಸೋದರಮಾವ ಚಕ್ಕಳಮಕ್ಕಳ ಹಾಕಿ ಕೂತು ಎರಡೂ ಕೈ ಚಾಚಿದರು. ನನ್ನ ಹೆಂಡತಿ ಮಗುವನ್ನು ಅವರ ತೊಡೆಗಿಟ್ಟಳು. ತಂತಿ ತಾಗಿದ್ದೇ ಮಗು ಊರು ಕೇಳುವಂತೆ ಕಿರುಚಿತು. ಕಿವಿಯ ತುದಿಯಲ್ಲಿ ಒಂದು ಹನಿ ರಕ್ತ ಮೂಡಿತು. ಭಾವ ಹೆಗಲ ಟವೆಲ್ಲಿನ ಅಂಚಿನಿಂದ ಅದನ್ನು ಒತ್ತಿ ಒರೆಸಿ, ಮಗುವನ್ನು ಎದೆಗೆ ಅವುಚಿಕೊಂಡು, "ಆಯ್ತು ಕಣಮ್ಮಿ, ಆಯ್ತು, ಆಯ್ತು" ಎಂದರು.

"ಕೊಡ್ಲಾ ಟವಲ್ಲ, ಕುದ್ಸಾಕ್ತೀನಿ" ಎಂದು ಅತ್ತೆ ಕೈ ನೀಡಿದರು.

"ಇರ್ಲಿ ಬುಡವ್ವ" ಎಂದರು ಭಾವ. ಅದನ್ನು ಹಾಗೇ ಮತ್ತೆ ಹೆಗಲ ಮೇಲೆ ಹಾಕಿಕೊಂಡರು.